ಹುಣಸೆಹಣ್ಣು ಹಾಕಿ ತಿಕ್ಕಬೇಡಿ

ಸಂಪಿಗೆ, ತುರುವೇಕೆರೆ ಕಡೆಯ ಅಕ್ಕಂದಿರೇ, ಕೊಬ್ಬರಿ ಅಟ್ಟದ ಮೂಲೆಯಲ್ಲಿರುವ ಅಜ್ಜಿಯ ಡಬ್ಬಿಯಲ್ಲಿ ಆನೆ ಚಿತ್ರದ ತಾಮ್ರದ ಕಾಸು ಇದೆಯೇ? ಮೈಸೂರು ಸಂಸ್ಥಾನದ್ದಿರಬಹುದು. ಟಿಪ್ಪುವಿನ ಕಾಲದಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಕಾಸು ಚಲಾವಣೆಯಲ್ಲಿತ್ತು. ಹೊಳೆಯಲೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ, ತಿಕ್ಕಿದ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆ ಕಡಿಮೆ. ಒಣ ಕಾಗದದಲ್ಲಿ ಸುತ್ತಿಟ್ಟರೆ ಸಾಕು.

ಹೊರದೇಶದ ನಾಣ್ಯಗಳನ್ನೂ ಮಕ್ಕಳ ಜೊತೆ ಕೂಡಿಡಬಹುದು. ಐರ್ಲೆಂಡ್ 1928ರಲ್ಲಿ ಹೊರಡಿಸಿದ ಪೆನ್ನಿಯಲ್ಲಿ ಮರಿಗಳೊಂದಿಗೆ ಕೋಳಿ, ಶಿಲ್ಲಿಂಗ್‌ನಲ್ಲಿ ಹೋರಿ! ಹಸು ಮಾತ್ರ ಇಲ್ಲ. ಹಾಲು ಕರೆಯುವ ನಮಗೆ ಅದೊಂದು ಕೊರತೆಯೇ.

'ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಳಿಸಿ' ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೋನ್ ಬಂದರೆ ನಂಬಬೇಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲವೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಹಾಲಿನ ಬಟವಾಡೆ ಬೀಳುವ ಖಾತೆಯ ಓಟಿಪಿ ಯಾರಿಗೂ ಹೇಳಬೇಡಿ.