ಹೊಸ ಬೈಕಿಗೆ ಎಣ್ಣೆಯೇ ಜೀವ



ಈಗ ಹಳ್ಳಿಹಳ್ಳಿಗೂ ಬೈಕು ಬಂದಿದೆ. ಡೇರಿಗೆ ಹಾಲು ಹಾಕಲು ಬೈಕು ಬೇಕು. ಸಂತೆಗೆ ಬೈಕು ಬೇಕು. ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೂ ಬೈಕೇ ಬೇಕು. ಬಹಳ ಮನೆಗಳಲ್ಲಿ ಸಾಲ ಮಾಡಿಯೇ ಬೈಕು ತರುತ್ತಾರೆ. ತಿಂಗಳು ತಿಂಗಳು ಕಂತು ಕಟ್ಟಬೇಕು. ಆ ಕಂತಿನಲ್ಲಿ ನಮ್ಮ ಕೂಲಿ ದುಡ್ಡೂ ಇರುತ್ತದೆ. ಓಡಿಸುವವರು ಯಾರೇ ಇರಲಿ, ಬೈಕಿನ ಜೋಪಾನ ನಮಗೂ ಗೊತ್ತಿರಬೇಕು.

ಹೊಸ ಬೈಕು ಬಂದ ದಿನ ಪೂಜೆ ಮಾಡುತ್ತೇವೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಪೆಟ್ರೋಲು ಹಾಕಿಸುತ್ತೇವೆ. ಎಂಜಿನ್ ಎಣ್ಣೆ ನೋಡುವುದನ್ನು ಮಾತ್ರ ಮರೆಯುತ್ತೇವೆ. ಎಣ್ಣೆ ತೀರಾ ಕಡಿಮೆಯಾದರೆ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ 'ಎಂಜಿನ್ ಸೀಜ್ ಆಯ್ತು' ಅಂತಾರೆ. ಆಗ ರಿಪೇರಿಗೆ ಸಾವಿರಾರು ರೂಪಾಯಿ ಬೇಕು. ಕಂತು ಮಾತ್ರ ನಿಲ್ಲುವುದಿಲ್ಲ.

ಎಣ್ಣೆ ಏನು ಕೆಲಸ ಮಾಡುತ್ತದೆ?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೋಡಿದ್ದೇವೆ. ಎಣ್ಣೆ ಇಲ್ಲದಿದ್ದರೆ ಅಚ್ಚು ಕಿರಗುಟ್ಟುತ್ತದೆ, ಸವೆಯುತ್ತದೆ. ಬೈಕಿನ ಎಂಜಿನ್ ಒಳಗೆ ಪಿಸ್ಟನ್ ಎಂಬ ಭಾಗ ಇದೆ. ಅದು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುತ್ತದೆ. ಎಣ್ಣೆ ಅದು ಜಾರುವಂತೆ ಮಾಡುತ್ತದೆ. ಬಿಸಿಯನ್ನು ತಗ್ಗಿಸುತ್ತದೆ. ಕೊಳೆಯನ್ನು ತೊಳೆಯುತ್ತದೆ. ಹೆಚ್ಚಿನ ಬೈಕುಗಳಲ್ಲಿ ಗೇರು, ಕ್ಲಚ್ಚು ಕೂಡ ಇದೇ ಎಣ್ಣೆಯಲ್ಲಿ ಕೆಲಸ ಮಾಡುತ್ತವೆ. ಇಷ್ಟೆಲ್ಲ ಮಾಡುವ ಎಣ್ಣೆ 100 ಸಿ.ಸಿ. ಬೈಕಿನಲ್ಲಿ ಸುಮಾರು 1 ಲೀಟರ್ ಮಾತ್ರ ಇರುತ್ತದೆ.

ಹೊಸ ಬೈಕಿಗೆ ಯಾಕೆ ಹೆಚ್ಚು ಜೋಪಾನ?

ಹೊಸ ರುಬ್ಬುಗುಂಡನ್ನು ನೆನೆಸಿಕೊಳ್ಳಿ. ಮೊದಲ ಕೆಲವು ಸಲ ರುಬ್ಬಿದ್ದರಲ್ಲಿ ಕಲ್ಲಿನ ಪುಡಿ ಬರುತ್ತದೆ. ಅದನ್ನು ಚೆಲ್ಲುತ್ತೇವೆ. ಆಮೇಲೆ ಕಲ್ಲು ಪಳಗುತ್ತದೆ. ಹೊಸ ಎಂಜಿನ್ನೂ ಹಾಗೆಯೇ. ಅದರ ಭಾಗಗಳು ಒಂದಕ್ಕೊಂದು ಉಜ್ಜಿ ನಯವಾಗಬೇಕು. ಆಗ ಲೋಹದ ಸಣ್ಣ ಪುಡಿ ಎಣ್ಣೆಗೆ ಸೇರುತ್ತದೆ.

ಇನ್ನೊಂದು ಮಾತು. ಪಿಸ್ಟನ್ನಿಗೆ ಬಳೆಯಂಥ ರಿಂಗುಗಳಿವೆ. ಹೊಸದರಲ್ಲಿ ಅವು ಸರಿಯಾಗಿ ಕೂತಿರುವುದಿಲ್ಲ. ಸ್ವಲ್ಪ ಎಣ್ಣೆ ಸಂದಿನಲ್ಲಿ ಮೇಲೆ ಹೋಗಿ ಪೆಟ್ರೋಲಿನ ಜೊತೆ ಉರಿದುಹೋಗಬಹುದು. 'ಹೊಸಾ ಗಾಡಿ, ಎಣ್ಣೆ ಎಲ್ಲಿ ಹೋಗುತ್ತೆ?' ಎಂದು ಸುಮ್ಮನಿರಬಾರದು. ಹೊಸದರಲ್ಲೇ ಹೆಚ್ಚು ನೋಡಬೇಕು.

ಮೊದಲ 500ರಿಂದ 1000 ಕಿ.ಮೀ. ಪಳಗಿಸುವ ಕಾಲ. ಕೆಲವು ಬೈಕಿಗೆ ಇನ್ನೂ ಹೆಚ್ಚು. ನಿಮ್ಮ ಬೈಕಿಗೆ ಎಷ್ಟು ಎಂದು ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಅಲ್ಲಿಯವರೆಗೆ ಬಹಳ ಜೋರಾಗಿ ಓಡಿಸಬಾರದು. ಮೂರು ಜನ ಕೂರುವುದು, ಮೂಟೆ ಹೇರುವುದು ಬೇಡ.

ಎಣ್ಣೆ ನೋಡುವುದು ಹೇಗೆ?

1. ಸಮನಾದ ನೆಲದಲ್ಲಿ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಓರೆಯಾಗಿ ನಿಂತರೆ ಅಳತೆ ತಪ್ಪುತ್ತದೆ.

2. ಎಂಜಿನ್ನನ್ನು ಎರಡು ಮೂರು ನಿಮಿಷ ಚಾಲೂ ಇಡಿ. ಆಮೇಲೆ ಆಫ್ ಮಾಡಿ. ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಎಣ್ಣೆ ಕೆಳಗಿಳಿಯಲಿ.

3. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸೈಲೆನ್ಸರ್ ಮುಟ್ಟಬೇಡಿ, ಸುಡುತ್ತದೆ.

4. ಎಂಜಿನ್ನಿನ ಪಕ್ಕದಲ್ಲಿ ಎಣ್ಣೆಯ ಮುಚ್ಚಳ ಇರುತ್ತದೆ. ಬಹಳ ಬೈಕುಗಳಲ್ಲಿ ಅದು ಬಲಗಡೆ ಇದೆ. ಅದನ್ನು ತಿರುಗಿಸಿ ತೆಗೆಯಿರಿ. ಮುಚ್ಚಳಕ್ಕೆ ಒಂದು ಅಳತೆ ಕಡ್ಡಿ ಅಂಟಿಕೊಂಡಿರುತ್ತದೆ.

5. ಕಡ್ಡಿಯನ್ನು ಶುದ್ಧ ಬಟ್ಟೆಯಿಂದ ಒರೆಸಿ. ಮತ್ತೆ ಒಳಗೆ ಇಳಿಸಿ, ಹೊರಗೆ ತೆಗೆಯಿರಿ. ಕೆಲವು ಬೈಕಿನಲ್ಲಿ ಮುಚ್ಚಳ ತಿರುಗಿಸದೆ ಸುಮ್ಮನೆ ಇಡಬೇಕು. ಕೆಲವದರಲ್ಲಿ ತಿರುಗಿಸಬೇಕು. ಪುಸ್ತಕ ಓದಿ ತಿಳಿಯಿರಿ.

6. ಕಡ್ಡಿಯ ಮೇಲೆ ಎರಡು ಗುರುತು ಇವೆ. ಎಣ್ಣೆ ಎರಡರ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಬೈಕು ಓಡಿಸಬೇಡಿ.

ಕೆಲವು ಬೈಕಿನಲ್ಲಿ ಕಡ್ಡಿಯ ಬದಲು ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅದರ ಪಕ್ಕದಲ್ಲೂ ಎರಡು ಗೆರೆ ಇವೆ. ಆ ಬೈಕನ್ನೂ ನೆಟ್ಟಗೆ ನಿಲ್ಲಿಸಿಯೇ ನೋಡಬೇಕು.

ಎಣ್ಣೆ ಕಡಿಮೆ ಇದ್ದರೆ?

ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತನ್ನಿ. ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-50 ಎಂದು ನಂಬರು ಇರುತ್ತದೆ. ನಂಬರು ತಾಳೆ ನೋಡಿ. ಕಾರಿನ ಎಣ್ಣೆ ಹಾಕಬೇಡಿ. ಅದರಿಂದ ಕ್ಲಚ್ಚು ಜಾರಬಹುದು. ಅರ್ಧ ಟೀ ಲೋಟದಷ್ಟು ಹಾಕಿ, ಮತ್ತೆ ಅಳೆಯಿರಿ. ಮೇಲಿನ ಗುರುತು ದಾಟಬಾರದು. ಹೆಚ್ಚಾದರೂ ಕೆಡುಕೇ. ಎಣ್ಣೆ ನೊರೆಯಾಗುತ್ತದೆ, ಹೊಗೆ ಬರುತ್ತದೆ.

ಹಳೇ ಲೂನಾದಂಥ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುತ್ತಿದ್ದರು. ಈಗಿನ ಬೈಕುಗಳು ಫೋರ್ ಸ್ಟ್ರೋಕ್. ಇವಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬಾರದು.

ಎಣ್ಣೆ ಬೇಗ ಬೇಗ ಇಳಿದರೆ ಮೆಕ್ಯಾನಿಕ್‌ಗೆ ತೋರಿಸಿ. ಬೈಕು ನಿಂತ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದರೂ ತೋರಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೂ ತೋರಿಸಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿರಬಹುದು. ಆಗಲೂ ಓಡಿಸದೆ ತೋರಿಸಿ.

ಮೊದಲ ಸರ್ವಿಸ್ ತಪ್ಪಿಸಬೇಡಿ

ಲೋಹದ ಪುಡಿ ಸೇರಿದ ಮೊದಲ ಎಣ್ಣೆಯನ್ನು ಬದಲಾಯಿಸಬೇಕು. ಇದನ್ನು ಮೊದಲ ಸರ್ವಿಸ್‌ನಲ್ಲಿ ಮಾಡುತ್ತಾರೆ. ಬಹಳ ಬೈಕುಗಳಿಗೆ ಇದು 500ರಿಂದ 1000 ಕಿ.ಮೀ. ಒಳಗೆ ಬರುತ್ತದೆ. 'ಫ್ರೀ ಸರ್ವಿಸ್' ಅಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಎಣ್ಣೆಗೆ ದುಡ್ಡು ಕೊಡಬೇಕಾಗುತ್ತದೆ. ಬಿಲ್ಲು ಕೇಳಿ ಪಡೆಯಿರಿ. ಎಣ್ಣೆ ಬದಲಾಯಿಸಿದ್ದು ಅದರಲ್ಲಿ ಇದೆಯೇ ಎಂದು ಓದಿ ನೋಡಿ. ಹಳೇ ಎಣ್ಣೆಯನ್ನು ಬಾವಿ, ಕೆರೆ, ಚರಂಡಿಯ ಹತ್ತಿರ ಚೆಲ್ಲಬೇಡಿ.

ಮಾಡಿ ನೋಡಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಗೆರೆ ಹಾಕಿ. ಒಂದರಲ್ಲಿ ತಾರೀಕು, ಒಂದರಲ್ಲಿ ಕಿ.ಮೀ., ಒಂದರಲ್ಲಿ ಎಣ್ಣೆ ಎಲ್ಲಿದೆ ಎಂದು ಬರೆಯಿರಿ. ಪಳಗಿಸುವ ಕಾಲದಲ್ಲಿ ವಾರಕ್ಕೆ ಎರಡು ಸಲ ಬರೆಯಿರಿ. ದೂರದ ಊರಿಗೆ ಹೊರಡುವ ಮುಂಚೆಯೂ ನೋಡಿ. ಆಮೇಲೆ ವಾರಕ್ಕೊಮ್ಮೆ ನೋಡಿದರೂ ಸಾಕು.

ಎಣ್ಣೆ ಎಷ್ಟು ಇಳಿಯಿತು ಎಂದು ಯಾರೂ ಬಂದು ಹೇಳಬೇಕಾಗಿಲ್ಲ. ಪುಸ್ತಕ ತೆರೆದರೆ ನಾವೇ ಓದಿ ಹೇಳಬಹುದು.