ಅಟ್ಟದ ಏರಿಯಲ್, ಒಳಕೋಣೆಯ ಟಿ.ವಿ.



ನಾನು ಎಂಜಿನಿಯರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೂ ಟಿ.ವಿ. ಏರಿಯಲಿನ ಬಗ್ಗೆ ನಾಲ್ಕು ಮಾತು ಹೇಳಲು ಬಂದಿದ್ದೇನೆ. ಗಡಿನಾಡಿನ ನಮ್ಮ ಮನೆಗಳಲ್ಲಿ ಯಾವ ಭಾಷೆಯ ವಾರ್ತೆ ಕೇಳಿಸಬೇಕು ಎಂಬುದು ಒಂದು ಕಾಲದಲ್ಲಿ ಏರಿಯಲಿನ ಮುಖ ಯಾವ ಕಡೆಗಿದೆ ಎಂಬುದನ್ನು ಹೊಂದಿಕೊಂಡಿತ್ತು.

ನಮ್ಮದು ಮಂಜೇಶ್ವರದ ಕಡೆಯ ಹಳೆಯ ಹಂಚಿನ ಮನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಾದರೂ ನಮಗೆ ಮಂಗಳೂರು ಸುಮಾರು ಇಪ್ಪತ್ತು ಕಿಲೋಮೀಟರು ಮಾತ್ರ. 1990ರ ದಶಕದಲ್ಲಿ ಏರಿಯಲನ್ನು ಉತ್ತರಕ್ಕೆ ತಿರುಗಿಸಿದರೆ ನಮಗೆ ಕನ್ನಡ ಸಿಗುತ್ತಿತ್ತು, ದಕ್ಷಿಣಕ್ಕೆ ತಿರುಗಿಸಿದರೆ ಮಲಯಾಳ. ನನ್ನ ಅಮ್ಮ ಸೊಂಟದ ಮೂಳೆ ಮುರಿದು ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು. ಟಿ.ವಿ. ಇದ್ದದ್ದು ಚಾವಡಿಯಲ್ಲಿ. "ವಾರ್ತೆ ಮುಗಿಯಿತಾ ಮಗಾ, ಏನು ಹೇಳಿದರು?" ಎಂದು ದಿನವೂ ಒಳಗಿನಿಂದ ಕೇಳುತ್ತಿದ್ದರು. ಕೊನೆಗೆ ಹಬ್ಬದ ಮುಂಗಡ ಪಡೆದು ಒಂದು ಹಳೆಯ ಕಪ್ಪು-ಬಿಳುಪು ಟಿ.ವಿ. ಕೊಂಡು ಅವರ ಮಂಚದ ಎದುರು ಇಟ್ಟೆ.

ಆಮೇಲೆ ಮಾಡಿದ್ದು ತಪ್ಪು ಕೆಲಸ. ಚಾವಡಿಯ ಟಿ.ವಿ.ಗೆ ಬರುತ್ತಿದ್ದ ವಯರನ್ನು ಕೆತ್ತಿ, ಅದಕ್ಕೆ ಇನ್ನೊಂದು ವಯರನ್ನು ತಿರುಚಿ, ಟೇಪು ಸುತ್ತಿ ಒಳಗೆ ಎಳೆದೆ. ಚಾವಡಿಯ ಟಿ.ವಿ.ಯಲ್ಲಿ ಅಕ್ಕಿ ಚೆಲ್ಲಿದಂತೆ ಚುಕ್ಕಿಗಳು ಬಂದವು. ಅಮ್ಮನ ಟಿ.ವಿ.ಯಲ್ಲಿ ವಾರ್ತೆ ಓದುವವರ ಮುಖದ ಅಂಚಿಗೆ ಅವರದೇ ನೆರಳು ಅಂಟಿಕೊಂಡಿತು. ಒಂದು ಟಿ.ವಿ.ಯ ಸುಖವೂ ಹೋಯಿತು. ಅದನ್ನು ಸರಿಪಡಿಸುವಾಗ ಕಲಿತದ್ದನ್ನೇ ಈಗ ಹೇಳುತ್ತೇನೆ.

ಮೊದಲು ಏರಿಯಲಿನ ವಿಷಯ. ಮನೆಗಳ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಆ ಏರಿಯಲಿಗೆ ಯಾಗಿ ಎಂದು ಹೆಸರು. ಜಪಾನಿನ ಯಾಗಿ ಮತ್ತು ಉಡಾ ಎಂಬ ಇಬ್ಬರು 1926ರ ಸುಮಾರಿಗೆ ಇದನ್ನು ಲೋಕಕ್ಕೆ ತಿಳಿಸಿದರು. ಅದರಲ್ಲಿ ವಯರು ಸೇರಿಸುವ ಕೊಳವೆ ಒಂದೇ. ಅದರ ಹಿಂದಿನ ಉದ್ದನೆಯ ಕೊಳವೆ ಅಲೆಗಳನ್ನು ಹಿಂದಕ್ಕೆ ಹೊಡೆಯುತ್ತದೆ. ಮುಂದಿನ ಗಿಡ್ಡ ಕೊಳವೆಗಳು ಅಲೆಗಳನ್ನು ಒಂದೆಡೆಗೆ ಕೂಡಿಸುತ್ತವೆ. ಆದುದರಿಂದ ಗಿಡ್ಡ ಕೊಳವೆಗಳ ತುದಿ ಟವರಿನ ಕಡೆಗೆ ಇರಬೇಕು. ಹಿಂದು ಮುಂದಾಗಿ ಕಟ್ಟಿ ತಿಂಗಳುಗಟ್ಟಲೆ ಟಿ.ವಿ.ಯನ್ನು ಬೈದವರನ್ನು ನಾನು ಕಂಡಿದ್ದೇನೆ.

ಏರಿಯಲನ್ನು ಅಟ್ಟದಲ್ಲಿ ಏಕೆ ಇಟ್ಟೆ ಎಂದು ಕೇಳಬಹುದು. ಮಾಡಿನ ಮೇಲೆ ಇಟ್ಟರೆ ಸಿಗ್ನಲ್ ಹೆಚ್ಚು ಸಿಗುವುದು ನಿಜ. ಆದರೆ ನಮ್ಮ ಕರಾವಳಿಯ ಉಪ್ಪು ಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ, ಮಂಗಗಳು ಜೋತಾಡುತ್ತವೆ, ಮಳೆಗಾಲದ ಗಾಳಿಗೆ ಕಂಬವೇ ತಿರುಗಿಬಿಡುತ್ತದೆ. ಒಣಗಿದ ಮಣ್ಣಿನ ಹಂಚನ್ನು ದಾಟಿ ಆ ಕಾಲದ ಟಿ.ವಿ. ಅಲೆಗಳು ಒಳಗೆ ಬರುತ್ತಿದ್ದವು. ಹಂಚು ನೆನೆದಾಗ ಸ್ವಲ್ಪ ಕಡಿಮೆಯಾಗುತ್ತಿತ್ತು. ತಗಡಿನ ಮಾಡಾದರೆ ಈ ಉಪಾಯ ನಡೆಯದು, ಲೋಹ ಅಲೆಯನ್ನು ತಡೆಯುತ್ತದೆ.

ಅಟ್ಟದಲ್ಲಿ ಒಂದು ವಿಶೇಷವಿದೆ. ಅಲೆಗಳು ಗೋಡೆ, ವಯರು, ನೀರಿನ ಟ್ಯಾಂಕುಗಳಿಗೆ ಬಡಿದು ಮರಳುತ್ತವೆ. ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಕೊಲ್ಲುತ್ತವೆ. ಎರಡು ಅಡಿ ಸರಿಸಿದರೆ ಚಿತ್ರವೇ ಬದಲಾಗುತ್ತದೆ. ನಾನು ಅಟ್ಟದಲ್ಲಿ ಏರಿಯಲ್ ಹಿಡಿದು ಅಡ್ಡಾಡಿದೆ, ಮಗ ಚಾವಡಿಯಿಂದ "ಬಂತು... ಹೋಯಿತು... ಬಂತಪ್ಪಾ" ಎಂದು ಕೂಗಿದ. ಚೆನ್ನಾಗಿ ಬಂದ ಜಾಗದಲ್ಲಿ ಪಕ್ಕಾಸಿಗೆ ಹಗ್ಗದಿಂದ ಕಟ್ಟಿದೆ. ಕರೆಂಟಿನ ವಯರಿನಿಂದ ಒಂದು ಮೀಟರಾದರೂ ದೂರ ಇರಿಸಿದೆ.

ಇನ್ನು ಹಂಚಿಕೆ. ಇದನ್ನು ಬ್ಯಾಂಕಿನ ಲೆಜರಿನಂತೆ ನೋಡಿದರೆ ಸುಲಭ. ಏರಿಯಲಿಗೆ ಬಂದದ್ದು ಜಮೆ. ಉಳಿದದ್ದೆಲ್ಲ ಖರ್ಚು. ಇಲ್ಲಿನ ಲೆಕ್ಕ ಡೆಸಿಬೆಲ್‌ಗಳಲ್ಲಿ. 3 ಡೆಸಿಬೆಲ್ ಹೋಯಿತೆಂದರೆ ಸಿಗ್ನಲ್ ಅರ್ಧವಾಯಿತು ಎಂದರ್ಥ. ಒಂದನ್ನು ಎರಡು ಮಾಡುವ ಸ್ಪ್ಲಿಟರಿನಲ್ಲಿ ಪ್ರತಿ ಕವಲಿಗೆ ಮೂರೂವರೆಯಿಂದ 4 ಡೆಸಿಬೆಲ್ ಖರ್ಚು. ನಾಲ್ಕು ಮಾಡಿದರೆ 7 ಅಥವಾ 8. ಆ ಕಾಲದ ಟಿ.ವಿ. ಅಲೆಗಳಿಗೆ ಒಳ್ಳೆಯ ಕೇಬಲಿನಲ್ಲಿ 20 ಮೀಟರಿಗೆ ಸುಮಾರು 2 ಡೆಸಿಬೆಲ್ ಹೋಗುತ್ತಿತ್ತು. ಆದುದರಿಂದ ಬೇಕಾದಷ್ಟೇ ಕವಲು, ಬೇಕಾದಷ್ಟೇ ಉದ್ದ.

ವಯರು ತಿರುಚಿದ್ದರಲ್ಲಿ ನನ್ನ ತಪ್ಪೇನು? ಟಿ.ವಿ.ಯ ದುಂಡು ಕೇಬಲ್ 75 ಓಮಿನದು. ಟಿ.ವಿ.ಯೂ ಅಷ್ಟೇ ಓಮಿಗೆ ಮಾಡಿದ್ದು. ಎರಡನ್ನು ಸುಮ್ಮನೆ ಜೋಡಿಸಿದಾಗ ಈ ಲೆಕ್ಕ ತಪ್ಪಿ, ಸಿಗ್ನಲಿನ ಒಂದು ಪಾಲು ಜೋಡಣೆಯಿಂದಲೇ ಹಿಂದಕ್ಕೆ ಮರಳುತ್ತದೆ. ತಡವಾಗಿ ಬಂದ ಆ ಪಾಲೇ ಅಮ್ಮ ನೋಡಿದ ನೆರಳು. ಅಲ್ಲಿ ಒಂದು ಸ್ಪ್ಲಿಟರ್ ಹಾಕಿದಾಗ ನೆರಳು ಹೋಯಿತು. ಚುಕ್ಕಿ ಉಳಿದಿತ್ತು. ಅದಕ್ಕೆ ಬೂಸ್ಟರ್ ತಂದು ಟಿ.ವಿ.ಯ ಹಿಂದೆ ಇಟ್ಟೆ, ಚುಕ್ಕಿಯೂ ದೊಡ್ಡದಾಯಿತು! ದಾರಿಯಲ್ಲಿ ಕಳೆದದ್ದನ್ನು ಬೂಸ್ಟರ್ ಮರಳಿ ತಾರದು. ಬಂದುದನ್ನು, ಗದ್ದಲ ಸಮೇತ, ಹಿಗ್ಗಿಸುತ್ತದೆ ಅಷ್ಟೇ. ಅಟ್ಟದಲ್ಲಿ ಏರಿಯಲಿನ ಬುಡದಲ್ಲೇ, ಸಿಗ್ನಲ್ ಖರ್ಚಾಗುವ ಮೊದಲು ಅದನ್ನು ಇಟ್ಟ ಮೇಲೆ ಎರಡೂ ಟಿ.ವಿ.ಗಳು ತಿಳಿಯಾದವು. ಅಂದಿನಿಂದ ವಾರ್ತೆಯಲ್ಲಿ ಏನು ಬಂತೆಂದು ಅಮ್ಮನೇ ನಮಗೆ ಹೇಳತೊಡಗಿದರು. ತೀರಿಕೊಳ್ಳುವವರೆಗೂ ಹೇಳಿದರು.

ಈಗ ಆ ಕಾಲ ಮುಗಿದಿದೆ. ಪ್ರಸಾರ ಭಾರತಿಯು 2022ರ ಹೊತ್ತಿಗೆ ಹಳೆಯ ಅನಲಾಗ್ ಟಿ.ವಿ. ಟ್ರಾನ್ಸ್‌ಮಿಟರುಗಳನ್ನು, ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು, ಮುಚ್ಚಿತು. ಆದರೆ ತಿಂಗಳ ಬಾಡಿಗೆ ಇಲ್ಲದೆ ಕನ್ನಡ ನೋಡಲು ದೂರದರ್ಶನದ ಫ್ರೀ ಡಿಶ್ ಇದೆ, ಅದರಲ್ಲಿ ಚಂದನ ಬರುತ್ತದೆ. ಈ ಡಿಶ್ಶನ್ನು ಅಟ್ಟದಲ್ಲಿ ಇಡುವಂತಿಲ್ಲ. ಅದರ ಅಲೆ ಮೂರು ಸೆಂಟಿಮೀಟರಿಗಿಂತ ಗಿಡ್ಡ, ಹಂಚು ಮರಗಳನ್ನು ದಾಟಿ ಬಾರದು. ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಾಸರಗೋಡಿನಿಂದ ನೋಡಿದರೆ ಆಗ್ನೇಯದಲ್ಲಿ, ತುಸು ಪೂರ್ವಕ್ಕೆ ವಾಲಿ, ನೆಲದಿಂದ ಸುಮಾರು 64 ಡಿಗ್ರಿ ಮೇಲೆ. ಆ ದಾರಿಯಲ್ಲಿ ತೆಂಗಿನ ಗರಿ ಬಾರದಂತೆ ಜಾಗ ನೋಡಿಕೊಳ್ಳಿ. ಬೇಸಗೆಯಲ್ಲಿ ಚೆನ್ನಾಗಿದ್ದು ಮಳೆಗಾಲದಲ್ಲಿ ಹೋಗುವ ಎಷ್ಟೋ ಡಿಶ್ಶುಗಳ ರೋಗ ಬೆಳೆದ ಗರಿಯೇ.

ಎರಡು ಕೋಣೆಗೆ ಬೇಕಿದ್ದರೆ ಹಳೆಯ ಸ್ಪ್ಲಿಟರ್ ಹಾಕಬೇಡಿ. ಡಿಶ್ಶಿನ ಮುಂದಿರುವ ಎಲ್.ಎನ್.ಬಿ.ಗೆ ವಿದ್ಯುತ್ ಹೋಗುವುದು ಬಾಕ್ಸಿನಿಂದ, ಅದೇ ಕೇಬಲಿನಲ್ಲಿ. ಎರಡು ಬಾಯಿಯ ಎಲ್.ಎನ್.ಬಿ. ಹಾಕಿಸಿ ಒಂದೊಂದು ಬಾಕ್ಸಿಗೆ ಒಂದೊಂದು ಕೇಬಲ್ ಎಳೆಸಿ. ಈ ಸಿಗ್ನಲಿಗೆ ಕೇಬಲಿನ ಖರ್ಚು ಹಿಂದಿನದಕ್ಕಿಂತ ಎರಡು ಮೂರು ಪಟ್ಟು, ಹಾಗಾಗಿ ಕಳಪೆ ಕೇಬಲ್ ಬೇಡ.

ಅಟ್ಟ ಖಾಲಿ ಉಳಿಯಬೇಕಾಗಿಲ್ಲ. ಮಂಗಳೂರು ಆಕಾಶವಾಣಿಯ ಎಫ್.ಎಂ. 100.3 ಮೆಗಾಹರ್ಟ್ಸ್‌ನಲ್ಲಿದೆ. ಅದು ಕರಕರ ಎನ್ನುವ ಮನೆಗಳಲ್ಲಿ 71 ಸೆಂಟಿಮೀಟರಿನ ಎರಡು ಅಲ್ಯುಮಿನಿಯಂ ಸರಳುಗಳನ್ನು ಒಂದು ಮರದ ಪಟ್ಟಿಗೆ ಒಂದೇ ಗೆರೆಯಲ್ಲಿ, ನಡುವೆ ಎರಡು ಬೆರಳು ಬಿಟ್ಟು ಬಿಗಿಯಿರಿ. ಕೇಬಲಿನ ನಡುತಂತಿಯನ್ನು ಒಂದಕ್ಕೆ, ಹೊರಜಾಲರಿಯನ್ನು ಇನ್ನೊಂದಕ್ಕೆ ಸೇರಿಸಿ, ಇನ್ನೊಂದು ತುದಿಯನ್ನು ರೇಡಿಯೋದ ಏರಿಯಲ್ ತೂತಿಗೆ ಕೊಡಿ. ಪಟ್ಟಿ ಪೂರ್ವ-ಪಶ್ಚಿಮವಾಗಿ ಮಲಗಿದರೆ ಅದರ ಬದಿ ಮಂಗಳೂರಿಗೆ ಮುಖ ಮಾಡುತ್ತದೆ. ನೆಟ್ಟಗೆ ನಿಲ್ಲಿಸಿಯೂ ನೋಡಿ, ಚೆನ್ನಾಗಿ ಕೇಳಿದ್ದನ್ನು ಉಳಿಸಿಕೊಳ್ಳಿ.

ಕೊನೆಯದಾಗಿ ಒಂದು ಎಚ್ಚರಿಕೆ. ಅಟ್ಟದಲ್ಲಿದ್ದರೂ ಸಿಡಿಲಿನ ಭಯ ತಪ್ಪಿದ್ದಲ್ಲ. ಮೋಡ ಕಟ್ಟಿದ ಕೂಡಲೇ, ಗುಡುಗು ಕೇಳುವ ಮೊದಲೇ, ಏರಿಯಲನ್ನೂ ಕರೆಂಟಿನ ಪ್ಲಗ್ಗನ್ನೂ ಕಿತ್ತಿಡಿ. ಹೊರಗಿನ ಡಿಶ್ಶಿನ ಕಂಬಕ್ಕೆ ಭೂಸಂಪರ್ಕ ಕೊಡಿಸಿ. ಮತ್ತೆ, ನಿಮ್ಮ ಮನೆಯ ಒಳಕೋಣೆಯಲ್ಲಿ ವಯಸ್ಸಾದವರು ಯಾರಾದರೂ ಮಲಗಿದ್ದರೆ, ಎರಡನೆಯ ಕೇಬಲನ್ನು ಮೊದಲು ಅಲ್ಲಿಗೆ ಎಳೆಯಿರಿ.