ಗುಳಿಗೆಯೊಳಗಿನ ಕೀಲಿಕೈ

ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಬಸ್ಸು ಪಟಾನ್‌ಚೆರುವನ್ನು ಸಮೀಪಿಸುತ್ತಿದ್ದಂತೆ ಪ್ರಯಾಣಿಕರು ಮೂಗಿಗೆ ವಸ್ತ್ರ ಹಿಡಿಯುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಅದು ಔಷಧ ಕಾರ್ಖಾನೆಗಳ ವಾಸನೆ. ದೇಶದ ಮೂಲೆಮೂಲೆಗೂ ಹೊರದೇಶಗಳಿಗೂ ಹೋಗುವ ಗುಳಿಗೆಗಳ ಮೂಲದ್ರವ್ಯ ನಮ್ಮ ದಾರಿಯ ಬದಿಯಲ್ಲಿಯೇ ಸಿದ್ಧವಾಗುತ್ತದೆ. ಆದರೆ ಆ ಗುಳಿಗೆ ದೇಹವನ್ನು ಹೊಕ್ಕು ಮಾಡುವುದೇನು? ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ನಾವೂ ಅದನ್ನು ಯೋಚಿಸಿರಲಿಲ್ಲ. ಆ ಅಜ್ಞಾನದಿಂದ ಒದಗಿದ ಅನಾಹುತವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮಗೆ ಗಂಟಲುಬೇನೆ ಬಂದಾಗ ವೈದ್ಯರು ಅಮಾಕ್ಸಿಸಿಲಿನ್ ಗುಳಿಗೆಗಳನ್ನು ಬರೆದುಕೊಟ್ಟಿದ್ದರು. ಮೂರನೆಯ ದಿನಕ್ಕೆ ಗುಣ ಕಂಡಿತು. ಉಳಿದವನ್ನು ಮುಂದೆ ಬೇಕಾದೀತೆಂದು ಪೆಟ್ಟಿಗೆಯಲ್ಲಿಟ್ಟೆವು. ತಿಂಗಳೊಪ್ಪತ್ತಿನಲ್ಲಿ ನೆರೆಮನೆಯ ಬಾಲಕನಿಗೆ ನೆಗಡಿ, ಜ್ವರ. ಅವನ ತಾಯಿ ಬಾಗಿಲಿಗೆ ಬಂದು, "ಮಾಸ್ತರ್ರೀ, ನಿಮ್ಮ ಬಲ್ಲಿ ಗುಳಿಗಿ ಏನಾರ ಅವೇನ್ರಿ?" ಎಂದು ಕೇಳಿದರು. ಓದಿದವರೆಂಬ ಹಮ್ಮಿನಲ್ಲಿ ಅರ್ಧ ಗುಳಿಗೆ ಮುರಿದು ಕೊಟ್ಟೆವು. ಒಂದು ತಾಸು ಕಳೆಯುವುದರೊಳಗೆ ಹುಡುಗನ ಮೈತುಂಬ ದದ್ದು ಎದ್ದವು. ತುಟಿ ಬಾತು ಉಸಿರು ಕಟ್ಟತೊಡಗಿತು. ಅವನನ್ನು ಬೀದರಿನ ಆಸ್ಪತ್ರೆಗೆ ಸೇರಿಸುವತನಕ ನಾವು ಪಟ್ಟ ಸಂಕಟ ಶತ್ರುವಿಗೂ ಬೇಡ. ಮಗು ಉಳಿಯಿತು. ವೈದ್ಯರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ನೆಗಡಿಯಲ್ಲಿ ಈ ಔಷಧಕ್ಕೇನು ಕೆಲಸ?"

ಬೀಗವೂ ಕೀಲಿಕೈಯೂ

ತಲೆನೋವಿನ ಗುಳಿಗೆ ನೆಟ್ಟಗೆ ತಲೆಗೇ ಹೋಗುತ್ತದೆಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ನುಂಗಿದ ಗುಳಿಗೆ ಜಠರದಲ್ಲಿಯೂ ಸಣ್ಣಕರುಳಿನಲ್ಲಿಯೂ ಕರಗಿ, ಯಕೃತ್ತನ್ನು ಹಾಯ್ದು, ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ. ತನಗೆ ಹೊಂದುವ ಬೀಗ ದೊರೆತಲ್ಲಿ ಮಾತ್ರ ಕೆಲಸ ಮಾಡುತ್ತದೆ. ಈ ಬೀಗಗಳು ಬಹುಮಟ್ಟಿಗೆ ಪ್ರೋಟೀನುಗಳು. ಔಷಧದ ಅಣುವು ಅವುಗಳ ಸಂದಿನಲ್ಲಿ ಕುಳಿತು ಅವು ಮಾಡುವ ಕಾರ್ಯವನ್ನು ತಡೆಯುತ್ತದೆ, ಇಲ್ಲವೆ ಚುರುಕುಗೊಳಿಸುತ್ತದೆ. ಇತ್ತ ಯಕೃತ್ತೂ ಮೂತ್ರಪಿಂಡಗಳೂ ಅದನ್ನು ಹೊರಹಾಕುತ್ತಲೇ ಇರುತ್ತವೆ. ಹೊತ್ತುಹೊತ್ತಿಗೆ ಗುಳಿಗೆ ನುಂಗಬೇಕೆನ್ನುವುದು ಇದಕ್ಕಾಗಿಯೇ.

ಅಮಾಕ್ಸಿಸಿಲಿನ್ ಪೆನಿಸಿಲಿನ್ನಿನ ಕುಲಕ್ಕೆ ಸೇರಿದ್ದು. ಬ್ಯಾಕ್ಟೀರಿಯಗಳು ತಮ್ಮ ಸುತ್ತ ಗೋಡೆ ಕಟ್ಟಿಕೊಳ್ಳಲು ಬಳಸುವ ಪ್ರೋಟೀನೇ ಅದರ ಬೀಗ. ಗೋಡೆ ಕಟ್ಟಲಾಗದೆ ಅವು ಒಡೆದು ಸಾಯುತ್ತವೆ. ನಮ್ಮ ಜೀವಕೋಶಗಳಿಗೆ ಅಂತಹ ಗೋಡೆಯಿಲ್ಲ. ಆದ್ದರಿಂದ ಬಹುಜನರಿಗೆ ಅದು ಬಾಧಿಸದು. ಆದರೆ ನೆಗಡಿಯನ್ನು ತರುವ ವೈರಸ್ಸಿಗೂ ಆ ಗೋಡೆಯಿಲ್ಲ! ನಾವು ಕೊಟ್ಟ ಅರ್ಧ ಗುಳಿಗೆಗೆ ಅಲ್ಲಿ ತೆರೆಯಲು ಬೀಗವೇ ಇರಲಿಲ್ಲ. ಉಪಕಾರ ಶೂನ್ಯ, ಒಗ್ಗದ ಮೈಗೆ ಅಪಕಾರ ಮಾತ್ರ ಆಯಿತು.

ಹೊಸ ಕೀಲಿಕೈ ಮಾಡುವ ಬಗೆ

ಹಿಂದೆ ವಿಜ್ಞಾನಿಗಳು ನೂರಾರು ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿ ಔಷಧ ಹುಡುಕುತ್ತಿದ್ದರು. ಜರ್ಮನಿಯ ಪಾಲ್ ಎರ್ಲಿಖ್ ಅವರ ಪ್ರಯೋಗಶಾಲೆಯಲ್ಲಿ 1909ರಲ್ಲಿ ಫಿರಂಗಿ ರೋಗಕ್ಕೆ ಮದ್ದಾಗಿ ದೊರೆತ ಪದಾರ್ಥದ ಸಂಖ್ಯೆಯೇ 606. ಬೀಗವನ್ನರಿತು ಕೀಲಿಕೈ ಮಾಡುವ ಮಾರ್ಗಕ್ಕೆ ನಮ್ಮ ನೆರೆಯ ಆಂಧ್ರದವರದೇ ಉದಾಹರಣೆಯುಂಟು. 1895ರಲ್ಲಿ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕೆಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಫೋಲಿಕ್ ಆಮ್ಲದ ಮೇಲೆ ಸಂಶೋಧನೆ ನಡೆಸಿದರು. ಜೀವಕೋಶಗಳು ಬೆಳೆದು ಇಮ್ಮಡಿಯಾಗಲು ಈ ಜೀವಸತ್ವ ಬೇಕು. ಅದನ್ನೇ ಹೋಲುವ, ಆದರೆ ಕೆಲಸಕ್ಕೆ ಬಾರದ ಅಣುವನ್ನು ಅವರ ತಂಡ ನಿರ್ಮಿಸಿತು. ಬೀಗದಲ್ಲಿ ಹೊಕ್ಕು ತಿರುಗದೆ ಸಿಕ್ಕಿಕೊಳ್ಳುವ ಕಳ್ಳಕೀಲಿಯಂತಹ ಆ ಅಣುವೇ ಅಮಿನಾಪ್ಟೆರಿನ್. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿತೆಂದು 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅದರ ತಂಗಿಯೆನ್ನಬಹುದಾದ ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೂ ಕೀಲುವಾತಕ್ಕೂ ಇಂದಿಗೂ ಬಳಕೆಯಲ್ಲಿದೆ.

ಈಗ ಪ್ರೋಟೀನಿನ ಆಕಾರವನ್ನು ಎಕ್ಸ್-ರೇ ಕಿರಣಗಳಿಂದ ಅರಿತು, ಹೊಂದುವ ಅಣುವನ್ನು ಕಂಪ್ಯೂಟರಿನ ಪರದೆಯ ಮೇಲೆ ರೂಪಿಸುವರು. ಬಳಿಕ ಪ್ರಾಣಿಗಳ ಮೇಲೆ, ಆಮೇಲೆ ಮೂರು ಹಂತಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆ. ಮನುಷ್ಯರ ಪರೀಕ್ಷೆಗೆ ಬಂದ ಹತ್ತರಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಅಂಗಡಿಗೆ ತಲುಪುತ್ತದೆ. ಇಷ್ಟಕ್ಕೆ ಹತ್ತು ವರ್ಷವೋ ಹೆಚ್ಚೋ ಹಿಡಿಯುತ್ತದೆ.

ಬೀಗ ಬದಲಾದರೆ?

ಇಷ್ಟು ಶ್ರಮದಿಂದ ಮಾಡಿದ ಕೀಲಿಕೈಯನ್ನು ವ್ಯರ್ಥಗೊಳಿಸುವುದು ಬ್ಯಾಕ್ಟೀರಿಯಗಳಿಗೆ ಕಷ್ಟವಲ್ಲ. ಕೆಲವು ಬೀಗದ ಆಕಾರವನ್ನೇ ಬದಲಿಸುತ್ತವೆ. ಕೆಲವು ಕೀಲಿಕೈಯನ್ನೇ ಮುರಿಯುತ್ತವೆ. ಔಷಧ ಹೆಚ್ಚು ಬಳಕೆಯಾದಷ್ಟೂ ದುರ್ಬಲ ಬ್ಯಾಕ್ಟೀರಿಯ ಸತ್ತು ಇಂತಹವೇ ಉಳಿದು ಬೆಳೆಯುತ್ತವೆ. ಕ್ಷಯದ ಔಷಧಗಳನ್ನು ನಡುವೆ ಬಿಟ್ಟವರಲ್ಲಿ ಇದು ಘೋರವಾಗಿ ಕಾಣುತ್ತದೆ. ಪಟಾನ್‌ಚೆರುವಿನ ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಣಗೊಂಡು ಹೊರಬಿದ್ದ ಮೇಲೂ ಅದರ ಲೀಟರೊಂದಕ್ಕೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಔಷಧ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟಿರುವುದಿಲ್ಲ! ಕಾರ್ಖಾನೆಯ ನೀರನ್ನು ಸರಕಾರ ನೋಡಿಕೊಳ್ಳಬೇಕು. ಮನೆಯ ಪೆಟ್ಟಿಗೆಯನ್ನು ನಾವೇ ನೋಡಿಕೊಳ್ಳಬೇಕು.

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ವೈದ್ಯರು ಹೇಳಿದಷ್ಟು ದಿನ ಔಷಧ ತೆಗೆದುಕೊಳ್ಳಿರಿ. ಒಬ್ಬರಿಗೆ ಬರೆದುದನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ಯಾವ ಔಷಧ ಒಗ್ಗದೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಗಡಿಭಾಗದ ನಮ್ಮ ಹಿರಿಯರಲ್ಲಿ ಅನೇಕರಿಗೆ ಔಷಧದ ಚೀಟಿಯ ಇಂಗ್ಲಿಷೂ ಅಂಗಡಿಯ ತೆಲುಗೂ ಓದಲು ಬಾರವು. ಮನೆಯ ಮಕ್ಕಳು ಅವನ್ನು ಕನ್ನಡದಲ್ಲಿ ಬರೆದುಕೊಡಲಿ.

ಆ ಬಾಲಕ ಈಗ ಪ್ರೌಢಶಾಲೆಯಲ್ಲಿದ್ದಾನೆ. ಅವನ ಜೇಬಿನ ಚೀಟಿಯಲ್ಲಿ "ಪೆನಿಸಿಲಿನ್ ಒಗ್ಗದು" ಎಂದು ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಬರೆದಿದೆ. ಬರೆದವರು ನಾವೇ.